ಕರಿ ಉಸುಕು ಕೆಂಪಾದದ್ದು

ಬಣ್ಣಕ್ಕೆ ಮರುಳಾಗುವುದು ನನ್ನ ಹುಟ್ಟುಗುಣ. ತಪ್ಪು ನನ್ನದಲ್ಲ, ಊರಿನದು. ನಾನು ಬ್ಯಾಡಗಿಯವನು. ನಮ್ಮಲ್ಲಿ ಮೆಣಸಿನಕಾಯಿಯ ಯೋಗ್ಯತೆಯನ್ನು ಕಣ್ಣಿನಲ್ಲೇ ಅಳೆಯುತ್ತಾರೆ. ಖಾರ ಎಷ್ಟೆಂದು ಕೇಳಿದವನು ಪರವೂರಿನವನೆಂದೇ ಅರ್ಥ. ಈ ಕಣ್ಣು ಹೊತ್ತುಕೊಂಡೇ ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಅದರಿಂದ ವಿಜ್ಞಾನಕ್ಕಾದ ಹಾನಿಯನ್ನು ಬೇರೆ ಯಾರೂ ಬರೆದಿಡಲಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ಶಾಲೆಗೆ ಇನ್‌ಸ್ಪೆಕ್ಷನ್ ಬಂತು. ಗೋಡೆಗೆ ಸುಣ್ಣ ಬಿತ್ತು. ಹೆಡ್‌ಮಾಸ್ತರು ಒಂದು ವಾರ ಯಾರನ್ನೂ ಬೈಯಲಿಲ್ಲ. ತಪಾಸಣೆಗೆ ಬರುವ ಸಾಹೇಬರ ಮುಂದೆ ಮಾಡಿ ತೋರಿಸಲು ನಾನೊಂದು ಪ್ರಯೋಗ ಆರಿಸಿದೆ. ಮೇಡ್ಲೇರಿಯ ಹೊಳೆಯ ಉಸುಕಿನಲ್ಲಿ ಅಯಸ್ಕಾಂತ ಆಡಿಸಿದರೆ ಕರಿ ಹರಳು ಅಂಟಿಕೊಂಡು ಬರುತ್ತದೆ. ಅದು ಅರೆಹೊಟ್ಟೆ ಆಮ್ಲಜನಕ ಉಂಡ ಕಬ್ಬಿಣ. ನುಣ್ಣಗೆ ಅರೆದು ಕಾಯಿಸಿದರೆ ಇನ್ನಷ್ಟು ಉಂಡು ಕೆಂಪಾಗುತ್ತದೆ. ಆಮೇಲೆ ಅಯಸ್ಕಾಂತವನ್ನು ಕ್ಯಾರೇ ಅನ್ನುವುದಿಲ್ಲ. ಹೀಗೆಂದು ನಾನು ಓದಿದ್ದೆ, ಓದಿದ್ದನ್ನು ಎಂದೂ ಮಾಡಿ ನೋಡಿರಲಿಲ್ಲ.

ಕಾಯಿಸುವ ಕೆಲಸ ಲ್ಯಾಬಿನ ಅಟೆಂಡರ್ ಹುಸೇನಸಾಬರದು. ನನಗಿಂತ ಹಿರಿಯರು, ವರ್ಷಗಳಿಂದ ಹಂಗಾಮಿ ನೌಕರ. ಅವರನ್ನು ಕಾಯಂ ಮಾಡುವ ಕಾಗದಕ್ಕೆ ಇದೇ ಸಾಹೇಬರ ಶಿಫಾರಸು ಬೇಕಿತ್ತು. ಹಿಂದಿನ ದಿನ ಸೀಮೆಎಣ್ಣೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಂಚಿನ ಮೇಲಿನ ಪುಡಿಯನ್ನು ಕೆದರುತ್ತ ಅವರು ಕರೆದರು.

"ಸರ್, ಬಣ್ಣ ತಿರುಗೇತಿ ಖರೇ, ಆದ್ರ ಅಯಸ್ಕಾಂತಕ್ಕ ಇನ್ನೂ ಹತ್ತತೈತ್ರಿ. ಕಮ್ಮಾರನ ಕುಲುಮ್ಯಾಗ ಒಮ್ಮಿ ಹಾಕಿಸ್ಕೊಂಡ ಬರ್ಲೇನ್ರಿ?"

ನಾನು ಬಗ್ಗಿ ನೋಡಿದೆ. ಕಂದುಗೆಂಪು ಪುಡಿ. ಬ್ಯಾಡಗಿಯ ಕಣ್ಣು ತೃಪ್ತಿಪಟ್ಟಿತು.

"ಕೆಂಪ ಆತಲ್ರಿ ಹುಸೇನಸಾಬ್, ಇನ್ನೇನ ಬೇಕು? ಇಳಸ್ರಿ."

ಮರುದಿನ ತುಂಬಿದ ಹತ್ತನೇ ತರಗತಿಯಲ್ಲಿ, ಸಾಹೇಬರ ಎದುರು ಗಂಟಲು ಸರಿಮಾಡಿಕೊಂಡು, "ಇನ್ನು ಇದು ಅಂಟುವುದಿಲ್ಲ" ಎಂದು ಅಯಸ್ಕಾಂತ ಹಿಡಿದೆ. ಪುಡಿ ಪೂರ್ತಿ ಜಿಗಿದು ಗಡ್ಡದಂತೆ ಜೋತುಬಿತ್ತು. ಮಕ್ಕಳು ಗೊಳ್ಳೆಂದು ನಕ್ಕರು.

"ಮಾಸ್ತರ, ಇದು ನಿಮ್ಮ ಮಾತ ಕೇಳವಲ್ದಲ್ರಿ," ಎಂದರು ಸಾಹೇಬರು.

ಬೆವರಿದೆ. ಬೆವರಿದವನ ಬೆರಳು ತನ್ನ ಕಡೆ ತಿರುಗುವುದಿಲ್ಲ. "ಹುಸೇನಸಾಬ್, ಸರಿಯಾಗಿ ಕಾಯಸ್ರಿ ಅಂತ ಹೇಳಿರ್ಲಿಲ್ಲೇನು? ಕರೀ ಪುಡಿ ಬೆರಸಿ ಇಟ್ಟೀರಿ!" ಎಂದು ಎಲ್ಲರಿಗೂ ಕೇಳುವಂತೆ ಗದರಿದೆ. ಅವರು ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು. ಸಾಹೇಬರು ವಹಿಯಲ್ಲಿ ಏನೋ ಬರೆದುಕೊಂಡರು. ಕಾಯಂ ಕಾಗದ ಅಲ್ಲಿಗೇ ನಿಂತಿತು.

ಎರಡು ವಾರದ ಮೇಲೆ ಹಳೆಯ ರಸಾಯನಶಾಸ್ತ್ರದ ಪುಸ್ತಕವೊಂದರಲ್ಲಿ ಉತ್ತರ ಸಿಕ್ಕಿತು. ಕಪ್ಪಿಗೂ ಅಸಲಿ ಕೆಂಪಿಗೂ ನಡುವೆ ಒಂದು ಕಂದು ಅವಸ್ಥೆ ಇದೆಯಂತೆ. ಉಣ್ಣಬೇಕಾದ ಆಮ್ಲಜನಕವನ್ನೆಲ್ಲ ಉಂಡಿರುತ್ತದೆ, ಬಣ್ಣವೂ ಬದಲಾಗಿರುತ್ತದೆ. ಒಳಗಿನ ಕಟ್ಟಡ ಮಾತ್ರ ಹಳೆಯದೇ. ಅದಕ್ಕೇ ಅಯಸ್ಕಾಂತವನ್ನು ಬಿಡದು. ಕುಲುಮೆಯಂಥ ಕಾವು ಹತ್ತಿದರೇನೇ ಆ ಕಟ್ಟಡ ಮುರಿಯುವುದು.

ಓದಿ ನಗು ಬಂತು. ಆ ವರ್ಷಗಳಲ್ಲಿ ಹಾವೇರಿಯಲ್ಲಿ ಬೆಳಿಗ್ಗೆ ಒಂದು ಬಣ್ಣದ ಶಾಲು, ಸಂಜೆ ಇನ್ನೊಂದು ಬಣ್ಣದ ಶಾಲು ಹೊದ್ದು, ಕುರ್ಚಿ ಕಂಡಲ್ಲಿ ಜಿಗಿದು ಅಂಟಿಕೊಳ್ಳುತ್ತಿದ್ದ ಮುಖಂಡರು ನೆನಪಾದರು. ಇವರೆಲ್ಲ ಕಂದು ಜಾತಿಯವರೆಂದು ಹೆಂಡತಿಗೆ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಪದವಿ ಪಡೆದು, ಕೋಟು ತೊಟ್ಟು, ವಿಜ್ಞಾನಿಯ ಬಣ್ಣ ಬಳಿದುಕೊಂಡು, ಸಾಹೇಬರನ್ನು ಕಂಡೊಡನೆ ಜಿಗಿದವನು ನಾನೂ ಹೌದಷ್ಟೆ. ನಾಚಿಕೆಯಾಯಿತು.

ಮರುದಿನ ಲ್ಯಾಬಿಗೆ ಹೋಗಿ, ಬಾಗಿಲು ಮುಚ್ಚಿಕೊಂಡು, "ಹುಸೇನಸಾಬ್, ನೀವು ಹೇಳಿದ್ದ ಖರೇ ಇತ್ತು. ತಪ್ಪು ನಂದು," ಎಂದೆ. ಸಾಹೇಬರಿಗೆ ಕಾಗದ ಬರೆಯುವುದಾಗಿಯೂ ಹೇಳಿದೆ.

ಅವರು ಗಾಜಿನ ಕೊಳವೆ ಒರೆಸುತ್ತಲೇ ಇದ್ದರು. ಸಿಟ್ಟಿರಲಿಲ್ಲ.

"ಅದು ನನಗ ಮೊದ್ಲ ಗೊತ್ತಿತ್ತಲ್ರಿ ಸರ್. ಬೈದಿದ್ದು ಎಲ್ಲಾರ ಮುಂದ. ಖರೇ ಹೇಳಾಕ ಮಾತ್ರ ಬಾಗಲಾ ಹಾಕ್ಕೊಂಡ ಬಂದೀರಿ."

ಸಾಹೇಬರಿಗೆ ಕಾಗದ ಬರೆದದ್ದು ಆಮೇಲೆ. ಬಾಗಿಲು ತೆಗೆದು ನಾನು ಹತ್ತನೇ ತರಗತಿಯತ್ತ ಹೊರಟೆ. ದಿನಕ್ಕೆ ನಾಲ್ಕು ಸಲ ಓಡಾಡುವ ಆ ವರಾಂಡ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಾದದ್ದು ಅವತ್ತೇ.