ಅಳತೆ ಪುಸ್ತಕದ ಸಾಕ್ಷಿ

ಇಪ್ಪತ್ತೆರಡು ವರ್ಷ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ತುಳಿದ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಟೈಲರಕ್ಕ. ಯಾರ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದು ಅವರವರ ಹೆಂಡಿರಿಗಿಂತ ಮೊದಲು ಅವಳ ಟೇಪಿಗೆ ಗೊತ್ತಾಗುತ್ತಿತ್ತು. ವಾರ್ಡಿನ ನಲ್ಲಿಗಳಲ್ಲಿ ನೀರಿಗಿಂತ ಗಾಳಿಯೇ ಹೆಚ್ಚು ಬರತೊಡಗಿದಾಗ ರೇಗಿಹೋಗಿ ಚುನಾವಣೆಗೆ ನಿಂತಳು.

ಎದುರಾಳಿ ಸಿಮೆಂಟ್ ಅಂಗಡಿಯವನು. ನಲ್ಲಿ ಒಣಗಲು ಹಿಂದಿನ ಓಣಿಯ ಹನ್ನೆರಡು ಮನೆಯವರೇ ಕಾರಣ, ಗಡಿ ದಾಟಿ ಬಂದ ಅವರನ್ನು ಓಡಿಸಿದರೆ ನೀರು ತಾನಾಗಿ ಬರುತ್ತದೆ ಎಂದು ಅವನು ಭಾಷಣ ಬಿಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು. ಅದೇ ಸಂಜೆ ಅದೇ ವೇದಿಕೆ ಹತ್ತಿದ ಟೈಲರಕ್ಕ, ಅವರು ನನ್ನ ನೆರೆಯವರು, ನನಗೆ ಒಂದು ವೋಟೂ ಬೀಳದಿದ್ದರೂ ಸರಿ, ಅವರು ಇಲ್ಲೇ ಇರುತ್ತಾರೆ ಎಂದಳು. ಬೆಳಗಾಗುವಷ್ಟರಲ್ಲಿ ಅವಳ ಬಾಗಿಲಿಗೆ ಡಾಂಬರು ಬಳಿದಿತ್ತು. ಕಿಟಕಿಗೆ ಕಲ್ಲು ಬಿತ್ತು. ಗಿರಾಕಿಗಳು ಕತ್ತರಿಸಿದ ಬಟ್ಟೆಯನ್ನು ಹಾಗೆಯೇ ವಾಪಸು ಒಯ್ದರು. ಊರ ಉಸಾಬರಿ ನಿನಗೇಕೆ ಎಂದು ಗೊಣಗಿದ ಗಂಡ, ಗೊಣಗುತ್ತಲೇ ಸೀಮೆಎಣ್ಣೆ ತಂದು ಬಾಗಿಲು ಒರೆಸಿದ.

ಸಿಮೆಂಟಿನವನು ಅಷ್ಟಕ್ಕೇ ಬಿಡಲಿಲ್ಲ. ಓಣಿಯವರೆಲ್ಲ ಹೋದ ವರ್ಷ ನುಗ್ಗಿದವರು ಎಂದು ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದ. ಹತ್ತು ವರ್ಷ ಇದ್ದವರನ್ನು ಕದಲಿಸುವಂತಿಲ್ಲ ಎಂಬ ನಿಯಮವಿತ್ತು. ಅವರು ಇದ್ದದ್ದು ನಿಜ, ತೋರಿಸಲು ಕಾಗದ ಮಾತ್ರ ಇರಲಿಲ್ಲ. ಆಗ ಟೈಲರಕ್ಕನಿಗೆ ಹೊಳೆದದ್ದು ತನ್ನ ಅಳತೆ ಪುಸ್ತಕಗಳು. ಓಣಿಯವರ ಹನ್ನೆರಡು ವರ್ಷದ ತಾರೀಖು, ಮನೆ ನಂಬರು, ಎದೆ, ತೋಳು. ಮನೆಯಲ್ಲಿ ಸಿಗದವರಿಗೆ ಬಟ್ಟೆ ಎಲ್ಲಿ ತಲುಪಿಸಬೇಕು ಎಂಬುದೂ ಬದಿಯಲ್ಲಿ ಬರೆದಿತ್ತು. ಒಂದು ಹುಡುಗಿಯ ತೋಳು ಪುಟದಿಂದ ಪುಟಕ್ಕೆ ಏಳು ಇಂಚಿನಿಂದ ಹದಿನೇಳಕ್ಕೆ ಬೆಳೆದಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಪುಸ್ತಕಗಳನ್ನೆಲ್ಲ ಎದೆಗೊತ್ತಿಕೊಂಡು ಹೋಗಿ ಕಚೇರಿಗೆ ಕೊಟ್ಟು ಬಂದಳು. ಅಧಿಕಾರಿ ಕುರ್ಚಿ ಹಾಕಿಸಿ ಕೂರಿಸಿದ್ದ. ಓಣಿ ಉಳಿಯಿತು, ಗೆದ್ದೆ ಎಂದುಕೊಂಡು ಅವಳು ಆ ದಿನ ಹೊಟ್ಟೆ ತುಂಬ ಉಂಡಳು.

ಮಂಗಳವಾರ ಬೆಳಿಗ್ಗೆ ಕಚೇರಿಯ ಎರಡು ವ್ಯಾನು ಓಣಿಗೆ ಬಂದವು. ಅಳತೆ ಪುಸ್ತಕ ದಾಖಲೆಯಾಗುವುದಿಲ್ಲವಂತೆ, ವಿಳಾಸ ಹುಡುಕಲು ಮಾತ್ರ ಸಾಕಂತೆ. ಮನೆಯಲ್ಲಿ ಸಿಗದವರನ್ನು ಬೇಕರಿಯ ಹಿಂಬಾಗಿಲಿನಿಂದ, ಲಾಂಡ್ರಿಯಿಂದ ಹಿಡಿದು ತಂದರು. ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಗಾರೆ ಕೆಲಸದವನೊಬ್ಬ, ನೀವು ಹುಡುಕುವವನು ನಾನಲ್ಲ, ಅವನ ನೆಂಟ ಎಂದು ಹೇಳಿ ಇನ್ನೇನು ಪಾರಾಗುತ್ತಿದ್ದ. ಅಧಿಕಾರಿ ಅವನನ್ನು ನೆಟ್ಟಗೆ ನಿಲ್ಲಿಸಿ, ಪುಸ್ತಕದಲ್ಲಿ ಟೈಲರಕ್ಕ ಬರೆದದ್ದನ್ನು ಗಟ್ಟಿಯಾಗಿ ಓದಿದ. ಎಡ ಭುಜ ಒಂದು ಇಂಚು ಕೆಳಗೆ. ವರ್ಷಗಟ್ಟಲೆ ಗಾರೆಯ ಬಾಂಡ್ಲಿ ಹೊತ್ತು ಇಳಿದ ಭುಜ ಅದು. ಅಂಗಿ ಸೊಟ್ಟ ಕೂರಬಾರದೆಂದು ಅವಳು ಅಕ್ಕರೆಯಿಂದ ಬರೆದುಕೊಂಡಿದ್ದಳು. ಕೇಳುತ್ತ ನಿಂತವಳಿಗೆ ತನ್ನ ಕೈಯನ್ನೇ ಕತ್ತರಿಸಿ ಹಾಕಬೇಕೆನಿಸಿತು.

ಗಾರೆಯವನ ಹೆಂಡತಿ ಅಳಲಿಲ್ಲ, ಬೈಯಲೂ ಇಲ್ಲ. ವ್ಯಾನು ಹತ್ತುವಾಗ ತಿರುಗಿ ನಿಂತಳು.

"ಅಕ್ಕಾ, ಪುಸ್ತಕ ಕೊಡೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?"

ಕೇಳಬೇಕೆಂದು ಟೈಲರಕ್ಕನಿಗೆ ತೋಚಿಯೇ ಇರಲಿಲ್ಲ.