ಟ್ರ್ಯಾಕ್ಟರಿಗೆ ಎದುರು ನಿಂತ ಸಾಬಮ್ಮ

ಕಿಣ್ಣಿ ಸುಲ್ತಾನ ಎಂಬ ಊರಿನ ಗಂಡಸರು ತಮ್ಮ ಎತ್ತುಗಳ ಬುದ್ಧಿಯನ್ನು ಕೊಂಡಾಡುವುದು ಕೇಳಿದರೆ ಸಾಬಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಎಪ್ಪತ್ತರ ದಶಕದ ಮಾತು. ಅವಳ ಗಂಡ ಧರ್ಮಣ್ಣ ದೌಲತರಾಯ ಗೌಡರ ಮನೆಯ ಬಂಡಿ ಹೊಡೆಯುತ್ತಿದ್ದ. ಆಳಂದದ ಬಜಾರಿಗೆ ತೊಗರಿ ಹಾಕಿ ಬರುವಾಗ ದಾರಿಯಲ್ಲಿ ಕಂಠಮಟ್ಟ ಶಿಂದಿ ಕುಡಿದು ಖಾಲಿ ಚೀಲಗಳ ಮೇಲೆ ಅಂಗಾತ ಬೀಳುತ್ತಿದ್ದ. ಎತ್ತುಗಳು ತಾವೇ ಹಾದಿ ಹಿಡಿದು ಬಂದು ಅವನ ಮನೆ ಬಾಗಿಲಿಗೆ ನಿಲ್ಲುತ್ತಿದ್ದವು. ಆಗ ಧರ್ಮಣ್ಣ ಅರೆಗಣ್ಣು ತೆರೆದು, "ಊರು ಬಂತೇನು?" ಎಂದು ಕೇಳುತ್ತಿದ್ದ. ಕಟ್ಟೆಯ ಮೇಲೆ ಕೂತವರು ಬಿದ್ದು ಬಿದ್ದು ನಗುತ್ತಿದ್ದರು. ಕುಡಿದವನಿಗೆ ದೇವರೇ ಬಂಡಿ ಹೊಡೀತಾನ ಅನ್ನುತ್ತಿದ್ದರು.

ನಗುವವರಿಗೇನು, ಅವನನ್ನು ಕಂಕುಳಿಗೆ ಕೈಹಾಕಿ ಇಳಿಸಬೇಕಾದವಳು ಸಾಬಮ್ಮ. ವಾಂತಿಯಾದ ಅಂಗಿಯನ್ನು ಬೂದಿ ಹಾಕಿ ತಿಕ್ಕಬೇಕಾದವಳೂ ಅವಳೇ. ಎತ್ತಿಗೆ ಇರುವ ಬುದ್ಧಿ ತನ್ನ ಗಂಡನಿಗೆ ಇಲ್ಲ ಎಂಬುದು ಊರಿಗೆ ಹೆಮ್ಮೆಯ ಸಂಗತಿ ಯಾಕಾಯಿತು ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಹಾಗಂತ ಧರ್ಮಣ್ಣ ಕೆಟ್ಟ ಮನುಷ್ಯನಲ್ಲ. ಕುಡಿಯದ ದಿನ ಅವನಷ್ಟು ಮೆತ್ತಗಿನವ ಊರಲ್ಲಿರಲಿಲ್ಲ. ಹೆಂಡತಿಗೆ ನೀರು ಹೊತ್ತು ತಂದು ಕೊಡುವ ಗಂಡು ಆ ಓಣಿಯಲ್ಲಿ ಅವನೊಬ್ಬನೇ. ಆದರೆ ಕುಡಿಯದ ದಿನಗಳು ವರ್ಷ ವರ್ಷಕ್ಕೂ ಕಡಿಮೆಯಾದವು.

ಎಂಬತ್ತರ ದಶಕದಲ್ಲಿ ದೌಲತರಾಯ ಗೌಡರು ಟ್ರ್ಯಾಕ್ಟರ್ ತಂದರು. ಡ್ರೈವರ್ ಯಾರು ಎಂಬ ಮಾತು ಬಂದಾಗ ಊರಿಗೆ ಊರೇ ಧರ್ಮಣ್ಣನ ಹೆಸರು ಹೇಳಿತು. ಇಷ್ಟು ವರ್ಷ ಬಂಡಿ ಹೊಡೆದವ, ಕಣ್ಣು ಮುಚ್ಚಿಕೊಂಡು ಊರು ಮುಟ್ಟಿದವ. ಸಾಬಮ್ಮ ಗೌಡರ ಅಂಗಳಕ್ಕೆ ಹೋಗಿ ಸೆರಗು ಸರಿಮಾಡಿಕೊಂಡು ನಿಂತಳು.

"ಗೌಡ್ರ, ಬ್ಯಾರೆ ಯಾರನ್ನಾರ ನೋಡ್ರಿ. ಇವ ಕುಡೀತಾನ್ರಿ."

"ಕುಡಿದ್ರ ಏನಾತವ್ವ? ದಾರಿ ಅವಗ ಗೊತ್ತದ."

"ದಾರಿ ಎತ್ತಿಗೆ ಗೊತ್ತಿತ್ರಿ, ಅವಗಲ್ಲ."

ಗೌಡರು ನಕ್ಕರು. ಹೆಣ್ಣುಮಕ್ಕಳ ಮಾತು ಎಂದು ಕೈ ಬೀಸಿದರು. ಧರ್ಮಣ್ಣ ಸ್ಟೀರಿಂಗ್ ಹಿಡಿದ.

ಟ್ರ್ಯಾಕ್ಟರ್ ಬಂದ ಮೇಲೆ ಮದುವೆ ದಿಬ್ಬಣಗಳೆಲ್ಲ ಟ್ರಾಲಿ ಏರಿದವು. ಅದರ ಜೊತೆಗೊಂದು ಹೊಸ ರಿವಾಜು ಹುಟ್ಟಿತು, ಅದಕ್ಕೆ ಡ್ರೈವರ್ ಮರ್ಯಾದಿ ಎಂದು ಹೆಸರು. ಬೀಗರು ಡ್ರೈವರಿಗೆ ಟವೆಲ್, ಕಾಯಿ, ಎಲೆ ಅಡಿಕೆ ಕೊಡಬೇಕು. ಜೊತೆಗೆ ಒಂದು ಬಾಟಲಿ ಸಾರಾಯಿ. ಕೊಡದಿದ್ದರೆ ಬೀಗರು ಕೈ ಬಿಗಿಯವರು ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿದ, ಉಳ್ಳಾಗಡ್ಡಿಯನ್ನೂ ಯೋಚಿಸಿ ತಿನ್ನುವ ಮನೆತನಗಳೂ ಈ ಬಾಟಲಿ ಕೊಡುತ್ತಿದ್ದವು. ಮುಂಬಾಗಿಲಿನಿಂದ ಅಲ್ಲ, ದನದ ಕೊಟ್ಟಿಗೆಯಿಂದ, ಒದ್ದೆ ಟವೆಲಿನಲ್ಲಿ ಸುತ್ತಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಕೇಳಿದ್ದೇವೆ, ಇವರು ಕಣ್ಣು ಮುಚ್ಚಿ ಇನ್ನೊಬ್ಬರಿಗೆ ಕುಡಿಸುತ್ತಿದ್ದರು. ಕುಡಿದವನ ಹಿಂದೆ ತಮ್ಮದೇ ಹೆಂಡಿರು ಮಕ್ಕಳನ್ನು ತುಂಬಿ ಕಳಿಸುತ್ತಿದ್ದರು.

ಒಂದು ಬೇಸಿಗೆ ನಿಂಬರ್ಗಾದಲ್ಲಿ ಮದುವೆ ಮುಗಿಸಿಕೊಂಡು ಬರುವಾಗ ಆಗಬಾರದ್ದು ಆಯಿತು. ಸೂರ್ಯ ನೆತ್ತಿಯ ಮೇಲಿದ್ದ, ದಾರಿ ಬೆಳ್ಳಗೆ ಕಾಣುತ್ತಿತ್ತು. ಹಳ್ಳದ ತಿರುವಿನಲ್ಲಿ ದಾರಿ ತಿರುಗಿತು, ಟ್ರ್ಯಾಕ್ಟರ್ ತಿರುಗಲಿಲ್ಲ. ಟ್ರಾಲಿ ಮಗುಚಿತು. ಟ್ರಾಲಿಯಲ್ಲಿದ್ದ ಸಾಬಮ್ಮ ಜಾಲಿಗಿಡದ ಮೇಲೆ ಬಿದ್ದು ಉಳಿದಳು. ಅವಳ ಪಕ್ಕದ ಮನೆಯ ಶರಣಬಸಮ್ಮ, ಬೀಸುವ ಕಲ್ಲಿನ ಆ ಬದಿಗೆ ಕೂತು ಇಪ್ಪತ್ತು ವರ್ಷ ಜೋಳ ಬೀಸಿದವಳು, ಟ್ರಾಲಿಯ ಕೆಳಗೆ ಸಿಕ್ಕಳು. ಅವಳ ಕೈ ಮಾತ್ರ ಹೊರಗೆ ಕಾಣುತ್ತಿತ್ತು, ಮದುವೆಗೆಂದು ಇಟ್ಟ ಹಸಿರು ಬಳೆ ಸಮೇತ. ಸಾಬಮ್ಮ ಆ ಕೈ ಹಿಡಿದುಕೊಂಡು ಕಿರುಚುತ್ತಿರುವಾಗ ಧರ್ಮಣ್ಣ ಸೀಟಿನಿಂದ ಇಳಿದು ತೂರಾಡುತ್ತ ಬಂದ. ಸುತ್ತ ನೋಡಿದ. ಆಮೇಲೆ ಕೇಳಿದ: "ಊರು ಬಂತೇನು?"

ಆ ಒಂದು ಮಾತಿನಿಂದ ಸಾಬಮ್ಮನ ಮನಸ್ಸಿನಲ್ಲಿ ಗಂಡನ ಮೇಲೆ ಇದ್ದದ್ದೆಲ್ಲ ಹಳಸಿ ಹೋಯಿತು. ಅವನಿಗೆ ರೊಟ್ಟಿ ಬಡಿದು ಹಾಕಿದಳು, ಅಂಗಿ ಒಗೆದಳು, ಮುಖ ನೋಡಿ ಮಾತಾಡಲಿಲ್ಲ.

ಊರು ಮಾಡಿದ್ದು ಅದಕ್ಕಿಂತ ಹೇಸಿಗೆ. ಬ್ರೇಕು ಹತ್ತಲಿಲ್ಲ ಎಂದು ಗೌಡರು ಪೊಲೀಸರಿಗೆ ಹೇಳಿ ಮುಗಿಸಿದರು. ಹಿರಿಯರು ಕೂತು, ಆ ತಿರುವಿನಲ್ಲಿ ಏನೋ ಗಾಳಿ ಇದೆ, ಅದೇ ಗಾಡಿ ಎಳೆಯಿತು ಎಂದು ತೀರ್ಮಾನಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಿರುವಿನಲ್ಲೊಂದು ಕಲ್ಲು ನೆಟ್ಟು ಕುಂಕುಮ ಬಳಿದರು. ಡ್ರೈವರುಗಳು ಅಲ್ಲಿ ಗಾಡಿ ನಿಲ್ಲಿಸಿ ನಿಂಬೆಹಣ್ಣು ಕೊಯ್ದು, ಕಲ್ಲಿನ ಮೇಲೆ ಒಂದು ಗುಟುಕು ಸಾರಾಯಿ ಸುರಿದು, ಉಳಿದದ್ದನ್ನು ಪ್ರಸಾದವೆಂದು ತಾವು ಕುಡಿದು ಮುಂದೆ ಹೋಗುತ್ತಿದ್ದರು. ಶರಣಬಸಮ್ಮ ಸತ್ತ ಜಾಗದಲ್ಲೇ. ಸಾಬಮ್ಮ ಹೊಲಕ್ಕೆ ಹೋಗುವಾಗ ಆ ಕಲ್ಲಿನ ಕಡೆ ಉಗಿದು ಹೋಗುತ್ತಿದ್ದಳು. ದೇವರಿಗೆ ಉಗುಳ್ತಾಳ ಎಂದು ಜನ ಅವಳನ್ನೇ ಬೈದರು.

ಎರಡು ವರ್ಷಕ್ಕೆ ಗೌಡರ ಮಗಳು ಶಿವಕಾಂತಾಳ ಲಗ್ನ ಬಂತು. ವರ ಜೇವರ್ಗಿ ಕಡೆಯವನು. ಮದುವೆಯಾದ ಮೇಲೆ ಮದುಮಕ್ಕಳನ್ನೂ ಜೊತೆಗೆ ಹೋಗುವ ಹೆಂಗಸರನ್ನೂ ವರನ ಊರಿಗೆ ಟ್ರಾಲಿಯಲ್ಲಿ ಕರೆದೊಯ್ಯುವುದು ಧರ್ಮಣ್ಣನೇ ಎಂದು ಗೊತ್ತಾಯಿತು. ಸಾಬಮ್ಮ ಈ ಸಲ ಗೌಡರ ಹೆಂಡತಿ ಸುಭದ್ರಾಬಾಯಿಯ ಹತ್ತಿರ ಹೋದಳು. ಅವರು ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು.

"ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ. ಅವತ್ತ ಒಂದಿನ ಅವಗ ಬಾಟ್ಲಿ ಕೊಡಬ್ಯಾಡ್ರಿ. ನಿಮ್ಮ ಮಗಳೇ ಕೂಡತಾಳ ಆ ಗಾಡ್ಯಾಗ."

"ನಮ್ಮ ಮನ್ಯಾಗ ಅದರ ಹೆಸರು ಭೀ ಎತ್ತಂಗಿಲ್ಲ, ಸಾಬಮ್ಮ. ಕೊಟ್ಟಿಗ್ಯಾಗ ಗಂಡಸರು ಏನ್ ಮಾಡ್ತಾರೋ ನನಗೇನು ಗೊತ್ತು? ನಾ ಆ ಕಡಿ ಹೋಗಂಗಿಲ್ಲ."

ಆಚಾರ ಅಂದರೆ ಕೊಟ್ಟಿಗೆಯ ಬಾಗಿಲ ತನಕ ಮಾತ್ರ ಎಂದು ಸಾಬಮ್ಮನಿಗೆ ಅಂದು ತಿಳಿಯಿತು.

ಮದುವೆಯ ದಿನ ಅಕ್ಷತೆ ಬಿದ್ದು ಊಟವಾಯಿತು. ಮಧ್ಯಾಹ್ನ ಟ್ರಾಲಿಗೆ ಮಾವಿನ ತೋರಣ ಕಟ್ಟಿದರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹತ್ತಿದರು, ಮದುಮಗಳು ನಡುವೆ ಕೂತಳು. ಧರ್ಮಣ್ಣ ಕೊಟ್ಟಿಗೆಯಿಂದ ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. ನಡಿಗೆ ನೋಡಿದರೇ ಗೊತ್ತಾಗುತ್ತಿತ್ತು, ಆದರೆ ಯಾರೂ ನೋಡಲಿಲ್ಲ. ಗಾಡಿ ಹೊರಡುವ ಮುಂಚೆ ಮುತ್ತೈದೆಯೊಬ್ಬಳು ಗಾಡಿಗೆ ಆರತಿ ಎತ್ತಿ ಡ್ರೈವರನ ಹಣೆಗೆ ಕುಂಕುಮ ಇಡುವುದು ಪದ್ಧತಿ. ಸಾಬಮ್ಮ ಆರತಿ ತಟ್ಟೆ ಎತ್ತಿಕೊಂಡು ಸೀದಾ ಸುಭದ್ರಾಬಾಯಿಯ ಕೈಗೆ ಕೊಟ್ಟಳು.

"ಮಗಳ ತಾಯಿ ನೀವು. ನೀವೇ ಹಚ್ಚರಿ. ಜರಾ ಹತ್ರ ಹೋಗಿ ಹಚ್ಚರಿ."

ನಾಲ್ಕು ಜನರ ಮುಂದೆ ಒಲ್ಲೆ ಅನ್ನುವ ಹಾಗಿರಲಿಲ್ಲ. ಸುಭದ್ರಾಬಾಯಿ ಬೆರಳಿಗೆ ಕುಂಕುಮ ತೆಗೆದುಕೊಂಡು ಮೇಲೆ ಚಾಚಿದರು. ಧರ್ಮಣ್ಣ ಸೀಟಿನಿಂದ ಬಾಗಿ, "ಶರಣ್ರಿ ತಾಯಿ" ಅಂದ. ಆ ಉಸಿರು ಮುಖಕ್ಕೆ ಹೊಡೆದದ್ದೇ ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ನಿಮ್ಮ ಕೊಟ್ಟಿಗಿ ವಾಸನಿರಿ ಅದು," ಅಂದಳು ಸಾಬಮ್ಮ. "ಈಗ ಮಗಳನ್ನ ಕಳಸ್ರಿ."

ಸುಭದ್ರಾಬಾಯಿ ತಟ್ಟೆ ಕೆಳಗಿಟ್ಟು ತಾವೇ ಟ್ರಾಲಿಯ ಹತ್ತಿರ ಹೋಗಿ ಮಗಳನ್ನು ಕೈಹಿಡಿದು ಇಳಿಸಿದರು. ಅವಳ ಹಿಂದೆ ಉಳಿದ ಹೆಂಗಸರೂ ಇಳಿದರು. ಗೌಡರು ಸಿಟ್ಟಿನಿಂದ ಕೆಂಪಗಾಗಿ, ಬೀಗರ ಮುಂದೆ ಬಾಯಿ ಬಿಡಲಾರದೆ, ಬಸ್ಸಿಗೆ ಹೋಗೋಣ ಅಂದರು.

ಅವಮಾನವಾದದ್ದು ಧರ್ಮಣ್ಣನಿಗೆ. "ನನ್ನ ಗಾಡಿ ಹೊಲಸಾತೇನು ನಿಮಗ?" ಎಂದು ಖಾಲಿ ಟ್ರಾಲಿ ಎಳೆದುಕೊಂಡು ಹೊರಟ. ಸಾಬಮ್ಮ ಓಡಿ ಮಡ್ಗಾರ್ಡ್ ಹಿಡಿದಳು. "ಇಳೀ, ನಿನ್ನ ಕಾಲಿಗೆ ಬೀಳ್ತೇನಿ, ಇಳೀ" ಅಂದಳು. ಎರಡು ವರ್ಷಕ್ಕೆ ಅವನೊಡನೆ ಆಡಿದ ಮೊದಲ ಮಾತು ಅದು. ಅವನು ಕಾಲಿನಿಂದ ಅವಳನ್ನು ಝಾಡಿಸಿದ. ಮುಖ್ಯ ರಸ್ತೆಯ ಸೇತುವೆಯ ಹತ್ತಿರ ಎದುರಿಗೆ ಬಂದ ಲಾರಿಯನ್ನು ತಪ್ಪಿಸಲು ಹೋಗಿ ಗಾಡಿ ಸಮೇತ ಕೆಳಗೆ ಬಿದ್ದ. ಜನ ಹೋಗಿ ನೋಡುವಾಗ ಸ್ಟೀರಿಂಗ್ ಎದೆಗೆ ನಾಟಿಕೊಂಡಿತ್ತು. ಟ್ರಾಲಿ ನುಚ್ಚುನೂರಾಗಿತ್ತು.

ಅದರಿಂದ ಇಳಿದಿದ್ದ ಹೆಂಗಸರು, ಮಕ್ಕಳು, ಮದುಮಗಳು ಎಲ್ಲರೂ ಬದುಕಿದ್ದರು. ಒಬ್ಬರಾದರೂ ಸಾಬಮ್ಮನ ಹತ್ತಿರ ಬಂದು ಆ ಮಾತು ಹೇಳಲಿಲ್ಲ. ಮಂದಿಯೊಳಗೆ ಗಂಡನ ಮರ್ಯಾದಿ ಕಳೆದಳು, ಆ ಸಿಟ್ಟಿಗೆ ಅವ ಸತ್ತ, ಬಾಯಿ ಮುಚ್ಚಿಕೊಂಡಿದ್ದರೆ ಮುತ್ತೈದೆಯಾಗಿ ಇರುತ್ತಿದ್ದಳು ಎಂದರು. ಮೂರನೆಯ ದಿನ ಗೋರಿಗೆ ಎಡೆ ಇಡುವಾಗ, ಸತ್ತವನಿಗೆ ಇಷ್ಟವಾದದ್ದು ಇಡಬೇಕೆಂದು ಗೌಡರ ಮನೆಯಿಂದ ಒಂದು ಬಾಟಲಿ ಬಂತು. ಸಾಬಮ್ಮ ಅದನ್ನು ತಂದ ಆಳಿನ ಕೈಗೇ ತಿರುಗಿ ಕೊಟ್ಟಳು.

"ಗೌಡರಿಗೆ ಹೇಳು, ಅವಗ ಇಷ್ಟ ಅಂತ ಜೋಳದ ರೊಟ್ಟಿ, ಪುಂಡಿ ಪಲ್ಲೆ ಇಟ್ಟೇನಿ. ಇದು ಅವರಿಗೆ ಇಷ್ಟ ಇತ್ತು."

ಮರುವರ್ಷ ಹೊಸ ಟ್ರ್ಯಾಕ್ಟರ್ ಬಂತು, ಚಂದ್ರಾಮಪ್ಪ ಎಂಬ ಹೊಸ ಡ್ರೈವರ್ ಬಂದ, ಹಳೆಯ ಬಾಟಲಿ ಹಾಗೇ ನಡೆಯಿತು. ಹೇಸಿಗೆಗೂ ಒಂದು ಮಿತಿ ಬೇಡವೇ? ಒಂದು ಮುಂಜಾನೆ ಸಾಬಮ್ಮ ಹೊಲದಿಂದ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದಳು. ಊರ ಅಗಸಿ ಬಾಗಿಲ ಹತ್ತಿರ ದಿಬ್ಬಣದ ಟ್ರಾಲಿ ಹೊರಟು ನಿಂತಿತ್ತು. ಆರತಿ ಎತ್ತುವ ಮುತ್ತೈದೆ ಮುಖ ಆ ಕಡೆ ತಿರುಗಿಸಿ, ದೂರದಿಂದಲೇ ಚಂದ್ರಾಮಪ್ಪನ ಹಣೆಗೆ ಕುಂಕುಮ ಸೋಕಿಸಿದಳು. ಯಾಕೆ ತಿರುಗಿಸಿದಳೆಂದು ಸಾಬಮ್ಮ ಕೇಳಬೇಕಾಗಿರಲಿಲ್ಲ. ಇನ್ನು ಆ ತಟ್ಟೆ ಮುಟ್ಟುವ ಹಕ್ಕು ಅವಳಿಗಿರಲಿಲ್ಲ. ಹೊರೆ ಕೆಳಗೆ ಹಾಕಿ, ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಳು. ಬೋಳು ಹಣೆ, ಬರಿಗೈ.

ಟ್ರಾಲಿಯಲ್ಲಿ ಗುಜುಗುಜು ಎದ್ದಿತು. ಚಂದ್ರಾಮಪ್ಪ ತೊದಲಿದ: "ಬದಿಗಿ ಸರೀ ಬೇ. ರಂಡಮುಂಡಿ ಎದುರಿಗಿ ಬಂದ್ರ ಗಾಡಿ ಹೊರಡಬಾರದು."

"ಹೊರಡಬಾರದಂತನೇ ನಿಂತೇನಿ," ಅಂದಳು ಸಾಬಮ್ಮ.

ದಿಬ್ಬಣದ ಹಿರಿಯಳು ಗಂಗಾಬಾಯಿ ಮೊದಲು ಎದ್ದಳು. "ಶಕುನ ಛಲೋ ಇಲ್ಲ, ಇಳೀರಿ" ಅಂದಳು. ಸಾಬಮ್ಮನ ಮುಖ ನೋಡದೆ ಒಬ್ಬೊಬ್ಬರೇ ಇಳಿದರು. ಡ್ರೈವರನ ಬಾಯಿಯ ವಾಸನೆಗೆ ಇಳಿಯದ ಜನ ಅವಳ ಬೋಳು ಹಣೆಗೆ ಹೆದರಿ ಇಳಿದರು. ಅವಳಿಗೆ ಅದು ಗೊತ್ತಿತ್ತು, ಅಸಹ್ಯವೂ ಆಯಿತು. ಆದರೂ ಕೊನೆಯ ಕೂಸು ಇಳಿದು ತಾಯಿಯ ಕಂಕುಳು ಸೇರುವ ತನಕ ಅವಳು ಅಲ್ಲಿಂದ ಕದಲಲಿಲ್ಲ.