ರೊಟ್ಟಿ ಬಡಿಯುವ ಕೈಗೆ ಅಂಟುವಾಳದ ನೀರು

ಸಂಡೂರಿನ ಒಂದು ಗಣಿಯ ವೇಬ್ರಿಡ್ಜಿನಲ್ಲಿ ಅದಿರಿನ ಲಾರಿ ತೂಗುವುದು ನನ್ನ ಕೆಲಸ. ಬೆಳಿಗ್ಗೆ ಹೊಸಪೇಟೆಯಲ್ಲಿ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತುತ್ತೇನೆ, ಸಂಜೆ ಕೆಂಪು ಅಂಗಿಯಲ್ಲಿ ಇಳಿಯುತ್ತೇನೆ. ಧೂಳಿನ ಕೆಲಸಕ್ಕೆ ಬಿಳಿ ಅಂಗಿ ಯಾಕೆ ಅಂತ ಕೇಳಬೇಡಿ. ಅದು ಯೂನಿಫಾರ್ಮು. ಅದನ್ನು ಗೊತ್ತು ಮಾಡಿದವರು ಗಣಿಯ ಕಡೆ ತಲೆ ಹಾಕಿಯೂ ಮಲಗಿರಲಿಕ್ಕಿಲ್ಲ.

ಆ ಧೂಳು ಒಮ್ಮೆ ಕಾಲರಿನಲ್ಲಿ ಕೂತರೆ ಸುಲಭಕ್ಕೆ ಏಳುವುದಿಲ್ಲ. ಮದುವೆಯಾದಾಗಿನಿಂದ ಹೆಂಡತಿ ಅದನ್ನು ಸೋಪಿನ ಪುಡಿಯಲ್ಲಿ ನೆನೆಹಾಕಿ, ತಿಕ್ಕಿ, ಬೆಳ್ಳಗೆ ಮಾಡಿ ಕೊಡುತ್ತಿದ್ದಳು. ನಾನು ಮತ್ತೆ ಕೆಂಪಗೆ ಮಾಡಿಕೊಂಡು ಬರುತ್ತಿದ್ದೆ. ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಅವಳದೂ ಒಂದು ಕೆಲಸವಿದೆ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಓಣಿಯವರಿಗೂ ಹಂಪಿಯ ಒಂದು ಖಾನಾವಳಿಗೂ ಕೊಡುತ್ತಾಳೆ. ಅವಳ ರೊಟ್ಟಿ ಕಾಗದದಷ್ಟು ತೆಳ್ಳಗೆ, ಹಂಚಿನ ಮೇಲೆ ಪೂರಾ ಉಬ್ಬುತ್ತದೆ. ಊರಲ್ಲಿ ನನ್ನ ಗುರುತು ಹೇಳುವವರು ವೇಬ್ರಿಡ್ಜಿನವನು ಅನ್ನುವುದಿಲ್ಲ, ರೊಟ್ಟಿ ಅಕ್ಕನ ಗಂಡ ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ಹೋದ ವರ್ಷದ ಚಳಿಗಾಲದಲ್ಲಿ ಅವಳ ಕೈ ಒಡೆಯಲು ಶುರುವಾಯಿತು. ಮೊದಲು ಬೆರಳ ಸಂದಿ, ಆಮೇಲೆ ಅಂಗೈ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದಳು. ಒಂದು ಬೆಳಿಗ್ಗೆ ಬಡಿದ ರೊಟ್ಟಿಯ ಮೇಲೆ ಕೆಂಪು ಚುಕ್ಕೆ ಕಂಡಿತು. ಅವಳು ಆ ರೊಟ್ಟಿ, ಕಲಸಿದ ಹಿಟ್ಟು ಎಲ್ಲವನ್ನೂ ಎತ್ತಿ ಹೊರಗೆ ಹಾಕಿ ಬಂದು ಒಲೆ ಆರಿಸಿದಳು. ಆಮೇಲೆ ಕೇಳಿದಳು, “ಈ ಕೈ ಹಿಂಗ ಉಳದ್ರ ನಾ ಏನ್ ಮಾಡ್ಲಿರಿ?” ಅವತ್ತೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಿಜವಾಗಿ ಹೆದರಿದ್ದೆ.

ಡಾಕ್ಟರು ಮುಲಾಮು ಬರೆದುಕೊಟ್ಟು, “ಸೋಪಿನ ಪುಡಿ ಮುಟ್ಟಬ್ಯಾಡ್ರಿ, ಒಂದಷ್ಟು ದಿನ ರೊಟ್ಟಿನೂ ಬಿಡ್ರಿ” ಅಂದರು. ಗ್ಲೌಸು ತಂದುಕೊಟ್ಟೆ. ಒಳಗೆ ಬೆವರು ಕೂತು ಉರಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಸುದ್ದಿ ತಿಳಿದು ಬಂಡ್ರಿಯಿಂದ ನಮ್ಮ ಅತ್ತೆ ಬಂದರು. ಮಗಳ ಕೈ ವಾಸಿಯಾಗುವ ತನಕ ಗಿರಾಕಿಗಳಿಗೆ ತಾವೇ ರೊಟ್ಟಿ ಬಡಿದುಕೊಡುತ್ತೇನೆ ಅಂತ ಬಂದವರು, ಜೊತೆಗೆ ಒಂದು ಚೀಲ ಅಂಟುವಾಳಕಾಯಿ ತಂದಿದ್ದರು. ಅವರು ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ನಾನು ಮಾರು ದೂರದಲ್ಲೇ ಕೂತಿದ್ದರೂ ತಲೆಯ ಮೇಲೆ ಸೆರಗು ಎಳೆದುಕೊಂಡು ಮಗಳಿಗೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳಬೇಕು. “ನಿನ್ ಗಂಡಗ ಹೇಳವ್ವ, ಆ ಪುಡಿ ಡಬ್ಬಿ ಮದ್ಲ ಹೊರಗ ಒಗಿ ಅಂತ. ನಾವೇನ್ ಪುಡಿ ಕಂಡಿದ್ವಾ? ಇದ್ರಾಗ ಒಗದೀವಿ, ಇದ್ರಾಗ ತಲಿ ತೊಳಕಂಡೀವಿ.”

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಬಚ್ಚಲ ಗೂಡಿನಲ್ಲಿ ನೋಡಿದರೆ ನೆಲಕ್ಕೊಂದು, ಪಾತ್ರೆಗೊಂದು, ಗಾಜಿಗೊಂದು, ಬಟ್ಟೆಗೆ ಎರಡು ಬಾಟಲಿ. ನಾಲ್ಕು ಜನರಿಲ್ಲದ ಮನೆಗೆ ಇಷ್ಟು ಬಣ್ಣದ ನೀರು ಯಾಕೆ ಅಂತ ನನ್ನ ಮೇಲೆ ನನಗೇ ರೇಗಿತು. ಎಲ್ಲ ತೆಗೆದೆ. ಪಾತ್ರೆಗೆ ನೀರೊಲೆಯ ಬೂದಿ ಜರಡಿ ಹಿಡಿದು ಡಬ್ಬಿಗೆ ತುಂಬಿದೆ, ತಿಕ್ಕಲು ತೆಂಗಿನ ನಾರು. ಮೈಗೆ ಕಡಲೆಹಿಟ್ಟು. ಕಂಪ್ಲಿಯ ಅಕ್ಕನ ಮನೆಯಿಂದ ಭತ್ತದ ಹೊಟ್ಟು ತಂದು, ಸುಟ್ಟು, ಉಪ್ಪು ಸೇರಿಸಿ ಹಲ್ಲುಪುಡಿ ಮಾಡಿದೆ. ಅದರಲ್ಲಿ ಹಲ್ಲುಜ್ಜಿ ವೇಬ್ರಿಡ್ಜಿಗೆ ಹೋದ ಮೊದಲ ದಿನ ಡ್ರೈವರುಗಳು ನನ್ನ ಕರಿ ಒಸಡು ನೋಡಿ, “ಏನ್ ಸಾರ್, ಕಲ್ಲಿದ್ದಲು ತೂಗಾಕ ಹೋಗಿದ್ರಾ?” ಅಂತ ಕೇಳಿದರು. ಮರುದಿನದಿಂದ ಎರಡು ಸಲ ಬಾಯಿ ಮುಕ್ಕಳಿಸುವುದು ಕಲಿತೆ.

ಅಂಗಿಗೆ ಮಾತ್ರ ಅಂಟುವಾಳ ಒಂದೇ ಸಾಲಲಿಲ್ಲ. ಬೆವರು ಹೋಗುತ್ತಿತ್ತು, ಕಾಲರಿನ ಕೆಂಪು ಹೋಗುತ್ತಿರಲಿಲ್ಲ. ಕೊನೆಗೆ ಹಿಂಡಿದ ನಿಂಬೆಸಿಪ್ಪೆಗೆ ಉಪ್ಪು ಹಚ್ಚಿ ತಿಕ್ಕಿ, ಬಿಸಿಲಲ್ಲಿ ಇಟ್ಟು, ಆಮೇಲೆ ಅಂಟುವಾಳದ ನೀರಲ್ಲಿ ಒಗೆದೆ. ಕಲೆ ಬಿಟ್ಟಿತು. ಒಡೆದ ಕೈಗೆ ನಿಂಬೆ ತಾಗಿದರೆ ಜೀವ ಹೋಗುತ್ತದೆ, ಹಾಗಾಗಿ ಅವಳನ್ನು ಬಚ್ಚಲ ಹತ್ತಿರ ಸುಳಿಯಗೊಡಲಿಲ್ಲ. ನನ್ನ ಹದ ಪಕ್ಕಾ ಆಗುವ ತನಕ ಯಾರೂ ಕೈ ಹಾಕಬಾರದು ಅಂತ ಹೇಳಿಬಿಟ್ಟೆ. ಸಂಜೆ ಬಂದವನೇ ಅಂಗಿ ಬಿಚ್ಚಿ ಒಗೆಯುವ ಕಲ್ಲಿನ ಮುಂದೆ ಕೂರುತ್ತಿದ್ದೆ.

ಇಷ್ಟರಲ್ಲಿ ಒಂದು ಎಡವಟ್ಟಾಯಿತು. ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದು ಕಲಸಿದರೇ ರೊಟ್ಟಿ ಬರುವುದು. ಆ ಎಸರು ಕಾಯಿಸಲು ನಮ್ಮಲ್ಲಿ ಒಂದು ಅಲ್ಯೂಮಿನಿಯಂ ಬೋಗುಣಿ ಇದೆ, ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಒಂದು ಸಂಜೆ ಬೇರೆ ಪಾತ್ರೆ ಸಿಗಲಿಲ್ಲವೆಂದು ನಾನು ಅದರಲ್ಲೇ ಅಂಟುವಾಳ ಕುದಿಸಿ, ಸೋಸಿ, ನೀರನ್ನು ಅದಕ್ಕೇ ಸುರಿದು, ತಟ್ಟೆ ಮುಚ್ಚಿ ಒಲೆಯ ಮೇಲೆ ಬಿಟ್ಟೆ. ಬೆಳಿಗ್ಗೆ ಎದ್ದ ಅತ್ತೆ ಮಗಳು ಎಸರಿಟ್ಟಿದ್ದಾಳೆ ಅಂದುಕೊಂಡು ಕೆಳಗೆ ಉರಿ ಹಚ್ಚಿದರು, ಹಾಗೇ ಹಿಟ್ಟಿಗೆ ಹೊಯ್ದರು.

“ಅಯ್ಯ, ಹಿಟ್ಟು ನೊರಿ ಕಾರಾಕ ಹತ್ತೈತಲ್ಲೇ” ಅಂತ ಅತ್ತೆ ಅಂದದ್ದಕ್ಕೆ ನಾನು ಓಡಿ ಬಂದೆ. ಹಿಟ್ಟು ಕಲಸುವ ಮರಿಗೆಯ ತುಂಬ ಬಿಳಿ ನೊರೆ, ನಡುವೆ ಜೋಳದ ಹಿಟ್ಟು. ನಾನು ಬಾಯಿ ಬಿಡುವ ಮೊದಲೇ ಹೆಂಡತಿಗೆ ಎಲ್ಲ ಅರ್ಥವಾಗಿತ್ತು. ಅತ್ತೆ ನನ್ನ ಕಡೆ ನೋಡದೆ, “ನಿನ್ ಗಂಡಗ ಕೇಳವ್ವ, ರೊಟ್ಟಿನೂ ಒಗದು ಒಣಗ ಹಾಕಬೇಕೇನು?” ಅಂದರು. ಹೆಂಡತಿ ನಗಲು ಶುರುಮಾಡಿದಳು. ಕೈ ಒಡೆದ ಮೇಲೆ ಅವಳು ಹಾಗೆ ನಕ್ಕಿರಲೇ ಇಲ್ಲ. ಆವತ್ತು ಹಂಪಿಗೆ ರೊಟ್ಟಿ ಹೋಗುವುದು ತಡವಾಯಿತು, ನಾನು ಬಸ್ಸು ತಪ್ಪಿಸಿಕೊಂಡೆ. ಅವಳ ನಗು ಕೇಳಿ ನನಗೆ ಅದ್ಯಾವುದೂ ದೊಡ್ಡದಾಗಿ ಕಾಣಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಸೀಳುಗಳು ಒಂದೊಂದಾಗಿ ಕೂಡಿಕೊಂಡವು. ದಿನಾ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದೆ. ಒಂದು ದಿನ ಅತ್ತೆಯನ್ನು ರೊಟ್ಟಿ ಬಡಿಯುವ ಕಲ್ಲಿನ ಮುಂದಿನಿಂದ ಎಬ್ಬಿಸಿ ಅವಳೇ ಕೂತಳು. ಮೊದಲನೆಯದು ಅಂಚಿನಲ್ಲಿ ಹರಿಯಿತು. ಎರಡನೆಯದು ಹಂಚಿನ ಮೇಲೆ ಪೂರಾ ಉಬ್ಬಿತು. ಅವಳು ಅಂಗೈ ತಿರುಗಿಸಿ ನೋಡಿಕೊಂಡು, “ಉರಿ ಇಲ್ರಿ” ಅಂದಳು. ನಾಲ್ಕೈದು ತಿಂಗಳಿಂದ ಎದೆಯ ಮೇಲೆ ಹೊತ್ತಿದ್ದ ಚೀಲ ಇಳಿಸಿದ ಹಾಗಾಯಿತು ನನಗೆ. ಅತ್ತೆ ಮಾರನೆಯ ದಿನವೇ ಬಂಡ್ರಿಗೆ ಹೊರಟರು.

ನಾನೇನು ಸುಮ್ಮನಿರುವವನೇ? ರೊಟ್ಟಿ ಒಯ್ಯಲು ಬಂದವರಿಗೆಲ್ಲ ಅಂಟುವಾಳದ ಪುರಾಣ ಶುರು ಹಚ್ಚಿಕೊಂಡೆ. ಬೀಜ ತೆಗೆಯುವುದು ಹೇಗೆ, ಎಷ್ಟು ಹೊತ್ತು ನೆನೆಯಬೇಕು, ಕಣ್ಣಿಗೆ ಬಿದ್ದರೆ ಏನು ಮಾಡಬೇಕು. ಒಂದು ಭಾನುವಾರ ಓಣಿಯ ಮೂವರು ಹೆಣ್ಣುಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಈ ಕಾಯಿ ನನ್ನ ಹೆಂಡತಿಯ ಕೈ ಉಳಿಸಿತು ಅಂತ ಭಾಷಣ ಮುಗಿಸಿ ಒಳಗೆ ಬಂದೆ. ಅವಳು ರೊಟ್ಟಿ ಬಡಿಯುತ್ತಲೇ ಅಂದಳು.

“ಎಲ್ಲಾ ಹೇಳಿದ್ರಿ. ಒಂದ್ ಬಿಟ್ರಿ.”

“ಏನು?”

“ಒಗಿಯೋರು ಯಾರು ಅಂತ.”

ನನಗೆ ತಕ್ಷಣ ಹೊಳೆಯಲಿಲ್ಲ. ಅವಳಿಗೆ ಸಿಟ್ಟೇನೂ ಇರಲಿಲ್ಲ. ಹಿಟ್ಟು ಉದುರಿಸಿಕೊಳ್ಳುತ್ತ ಹೇಳಿದಳು. “ಹದಿನಾಲ್ಕು ವರ್ಷ ಆ ಕೆಂಪಂಗಿ ತಿಕ್ಕೀನ್ರಿ. ಈ ಬ್ಯಾಸಗಿ ಪೂರ್ತಿ ನೀವು ತಿಕ್ಕಿದ್ರಿ. ಕಾಯಿ ಛಲೋನ ಐತಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದನ್ನೂ ದಿನಾ ನಾನ ತಿಕ್ಕಿದ್ರ ಈ ಕೈ ಕೂಡ್ತಿತ್ತೇನು?”

ನನ್ನ ಅಂಟುವಾಳಕ್ಕೆ ಅವಮಾನವಾಯಿತು ಅಂತ ಮೊದಲು ಬೇಜಾರಾಯಿತು. ಆಮೇಲೆ ನಾಚಿಕೆ. ಅದರ ಹಿಂದೆಯೇ ಒಂದು ನಿರಾಳ ಬಂತು, ಅದನ್ನು ಮುಚ್ಚಿಡಲಾರೆ. ಮುಂದಿನ ಚಳಿಗಾಲಕ್ಕೆ ಮತ್ತೆ ಒಡೆದರೆ ಹೇಗೆ ಅಂತ ಒಳಗೊಳಗೇ ಹೆದರುತ್ತಿದ್ದೆ. ಕಾಯಿ ತೀರಬಹುದು, ಕೆಡಬಹುದು. ನಾನು ಒಗೆಯುವ ಕಲ್ಲಿನ ಮುಂದೆ ಕೂರುವುದು ಮಾತ್ರ ಯಾವ ಮರದಲ್ಲೂ ಬಿಡಬೇಕಾದ್ದಲ್ಲ, ಅದು ನನ್ನ ಕೈಯಲ್ಲೇ ಇದೆ.

ಆ ಚಳಿಗಾಲ ಬಂತು, ಈಗ ಮುಗಿಯುತ್ತಾ ಇದೆ. ಅವಳ ಕೈ ಒಡೆದಿಲ್ಲ. ನನ್ನ ಹೆಬ್ಬೆರಳಿನ ಬುಡದಲ್ಲಿ ಮೊನ್ನೆ ಸಣ್ಣ ಸೀಳು ಕಾಣಿಸಿತು. ರಾತ್ರಿ ಊಟಕ್ಕೆ ಕೂತಾಗ ಅವಳು ಅದನ್ನು ನೋಡಿ, ಎದ್ದು ಕೊಬ್ಬರಿ ಎಣ್ಣೆ ತಂದಳು.